ತಾಂಡಾದ ಮಕ್ಕಳಿಗೆ ಕನ್ನಡ ಕಲಿಸುತ್ತಾ

ಹೂವಿನಹಡಗಲಿ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ನಾನು ನಲಿ-ಕಲಿ ಟೀಚರ್. ಅಂದರೆ ಸಣ್ಣ ತರಗತಿಯ ಮಕ್ಕಳು ಒಟ್ಟಿಗೆ ಕೂತು, ಕಾರ್ಡು, ಚಟುವಟಿಕೆಗಳಿಂದ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳು ನನ್ನ ಜೊತೆ ಕೂರುತ್ತಾರೆ. ಅರ್ಧದಷ್ಟು ಊರಿನವರು, ಉಳಿದವರು ಪಕ್ಕದ ತಾಂಡಾದವರು. ತಾಂಡಾದ ಮಕ್ಕಳ ಮನೆಮಾತು ಲಂಬಾಣಿ. ನಮ್ಮ ಪುಸ್ತಕ, ಕಾರ್ಡು, ಹಾಡು ಎಲ್ಲವೂ ಮಗುವಿಗೆ ಕನ್ನಡ ಬರುತ್ತದೆ ಎಂದುಕೊಂಡೇ ಶುರುವಾಗುತ್ತವೆ. ಊರಿನ ಮಗು ಅಕ್ಷರ ಕಲಿತರೆ ಸಾಕು. ತಾಂಡಾದ ಮಗು ಭಾಷೆ, ಅಕ್ಷರ ಎರಡನ್ನೂ ಒಟ್ಟಿಗೆ ಕಲಿಯಬೇಕು. ಇಬ್ಬರಿಗೂ ಅದೇ ಪಾಠ, ಅಷ್ಟೇ ಸಮಯ ಕೊಟ್ಟರೆ ಅದು ನ್ಯಾಯ ಆಗಲ್ಲ.

ಹಾಗಾಗಿ ಒಂದನೇ ತರಗತಿಯಲ್ಲಿ ಅಕ್ಷರಕ್ಕೆ ಆತುರ ಮಾಡುವುದಿಲ್ಲ. ಮಾತು ಮೊದಲು. ಒಂದು ಚಿತ್ರ ಇಡುತ್ತೇನೆ. ಸಂತೆ, ಹೊಲ, ಕುರಿ ಮಂದೆ, ಹೀಗೆ ಯಾವುದಾದರೂ. ಮಕ್ಕಳು ಲಂಬಾಣಿಯಲ್ಲೇ ಹೇಳಲಿ. ಐದನೇ ತರಗತಿಯ ತಾಂಡಾದ ಹುಡುಗಿಯರು ಬಂದು ಅದನ್ನೇ ಕನ್ನಡದಲ್ಲಿ ಹೇಳುತ್ತಾರೆ. ಆಮೇಲೆ ಊರಿನ ಮಕ್ಕಳೂ ಸೇರಿಕೊಳ್ಳುತ್ತಾರೆ. ಬಿಸಿಯೂಟದ ಅಡುಗೆಯಮ್ಮ ತಾಂಡಾದವರೇ ಆದ್ದರಿಂದ ನನಗೆ ತಿಳಿಯದ್ದನ್ನು ಅವರನ್ನು ಕೇಳುತ್ತೇನೆ. ಯಾಡಿ (ತಾಯಿ), ಪಾಣಿ (ನೀರು), ಬಾಟಿ (ರೊಟ್ಟಿ) ಎಂದು ಶುರು ಮಾಡಿದವಳು ಈಗ ಮಕ್ಕಳ ಜಗಳ ಬಿಡಿಸುವಷ್ಟು ಲಂಬಾಣಿ ಕಲಿತಿದ್ದೇನೆ.

ತಪ್ಪುಗಳನ್ನು ಗಮನವಿಟ್ಟು ಕೇಳಿಸಿಕೊಂಡರೆ ಬಹಳ ತಿಳಿಯುತ್ತದೆ. ತಾಂಡಾದ ಮಗು ‘ಎತ್ತು ಬಂದ’, ‘ಎಮ್ಮೆ ಬಂದಳು’ ಎನ್ನುತ್ತದೆ. ಕ್ಲಾಸು ನಗುತ್ತದೆ. ಆದರೆ ಲಂಬಾಣಿ ರಾಜಸ್ಥಾನಿ ಕಡೆಯ ಭಾಷೆ. ಅಲ್ಲಿ ಪ್ರಾಣಿಗಳಿಗೂ ಗಂಡು-ಹೆಣ್ಣು ಲೆಕ್ಕ ಇದೆ. ಮಗು ತನ್ನ ಭಾಷೆಯ ನಿಯಮವನ್ನು ಸರಿಯಾಗಿಯೇ ಹಚ್ಚಿದೆ, ಅಲ್ವಾ? ಇದನ್ನು ಎಲ್ಲ ಮಕ್ಕಳಿಗೂ ಹೇಳಿದೆ. ನಗು ನಿಂತಿತು. ‘ನಿಮ್ಮಲ್ಲಿ ಹಾಗೆ, ನಮ್ಮಲ್ಲಿ ಹೀಗೆ’ ಎಂದು ಊರಿನ ಮಕ್ಕಳೇ ತಿದ್ದಿಕೊಡುತ್ತಾರೆ.

ತಾಂಡಾದ ಒಬ್ಬ ತಂದೆ ನೇರವಾಗಿ ಕೇಳಿದರು: ‘ಅಕ್ಕೋರೇ, ನಮ್ಮ ಮಾತು ಮನ್ಯಾಗ ಐತಿ. ಸಾಲ್ಯಾಗ ಕನ್ನಡ ಕಲಿಸ್ರಿ.’ ಅವರ ಮಾತು ಸರಿ. ಕನ್ನಡ ಬರದಿದ್ದರೆ ಆಸ್ಪತ್ರೆ, ಬ್ಯಾಂಕು, ಪಂಚಾಯ್ತಿಯಲ್ಲಿ ಏನಾಗುತ್ತದೆ ಎಂದು ಅವರು ಬಲ್ಲರು. ಕನ್ನಡ ಬೇಗ ಬರಲೆಂದೇ ಲಂಬಾಣಿಯಿಂದ ಶುರು ಮಾಡುತ್ತೇನೆ ಎಂದು ಹೇಳಿ, ಮಗಳ ಕೈಲಿ ಕಾರ್ಡು ಓದಿಸಿ ತೋರಿಸಿದೆ.

ನನಗೆ ಬೇಸರ ತರಿಸುವುದು ಬೇರೆ. ಜನವರಿ 26ಕ್ಕೆ ತಾಂಡಾದ ಹುಡುಗಿಯರಿಗೆ ಕನ್ನಡಿ ಹೊಲಿದ ಲಂಗ ತೊಡಿಸಿ ಕುಣಿಸುತ್ತಾರೆ. ಮರುದಿನ ಅದೇ ಹುಡುಗಿ ತನ್ನ ಭಾಷೆ ಮಾತಾಡಿದರೆ ಗದರುತ್ತಾರೆ. ಕಸ ಗುಡಿಸುವ ಪಾಳಿಯೂ ಎಷ್ಟೋ ಕಡೆ ಸುಮ್ನೆ ತಾಂಡಾದ ಮಕ್ಕಳ ಮೇಲೇ ಬೀಳುತ್ತದೆ. ನಮ್ಮಲ್ಲಿ ಪಾಳಿ ಗೋಡೆಯ ಮೇಲೆ ಬರೆದಿದೆ. ಎಲ್ಲರ ಹೆಸರೂ ಇದೆ, ಗಂಡುಹುಡುಗರದ್ದೂ ಇದೆ.

ದೊಡ್ಡ ಕಷ್ಟ ಗುಳೆ. ದೀಪಾವಳಿ ಮುಗಿದ ಮೇಲೆ ಮನೆಗೆ ಮನೆಯೇ ಚಿಕ್ಕಮಗಳೂರಿನ ಕಾಫಿ ತೋಟಕ್ಕೆ, ಇಲ್ಲವೇ ಕಬ್ಬು ಕಡಿಯಲು ಹೊರಡುತ್ತದೆ. ಮಕ್ಕಳೂ ಹೋಗುತ್ತಾರೆ. ಯುಗಾದಿ ಹೊತ್ತಿಗೆ ಮರಳುತ್ತಾರೆ. ಇಲ್ಲಿ ನಲಿ-ಕಲಿ ತುಂಬಾ ನೆರವಾಗುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ಇದು. ಕಲಿಯಬೇಕಾದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕಲಿಕಾ ಏಣಿಯಲ್ಲಿ ಮಗು ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಮುಂದೆ ಹತ್ತಬಹುದು. ನಾಲ್ಕನೇ ತರಗತಿಗೆ ಹೋದರೆ ಆ ಏಣಿ ಇಲ್ಲ. ಎಲ್ಲರಿಗೂ ಒಂದೇ ಪುಟ. ನಾಲ್ಕೈದು ತಿಂಗಳು ಇರದಿದ್ದ ಮಗು ಅಲ್ಲೇ ಸೋಲುತ್ತದೆ. ಅದಕ್ಕೆ ನಾಲ್ಕು-ಐದರ ಮಕ್ಕಳು ಮರಳಿದಾಗ ಅವರನ್ನೂ ಮಧ್ಯಾಹ್ನ ಸ್ವಲ್ಪ ಹೊತ್ತು ನನ್ನ ಕೋಣೆಗೆ ಕರೆಸಿಕೊಳ್ಳುತ್ತೇನೆ.

ಹಾಗಂತ ಅವರು ಬರಿಗೈಲಿ ಬರುವುದಿಲ್ಲ. ಕಾಫಿ ಕೊಯ್ಲಿಗೆ ಕೂಲಿ ಹೆಚ್ಚಾಗಿ ಕೆಜಿ ಲೆಕ್ಕದಲ್ಲಿ. ಸಂಜೆ ತೂಕದ ಹತ್ತಿರ ನಿಂತ ಮಕ್ಕಳಿಗೆ ಕೆಜಿ, ರೂಪಾಯಿ, ಮುಂಗಡದಲ್ಲಿ ಮುರಿದುಕೊಂಡದ್ದು ಎಲ್ಲ ಬಾಯಲ್ಲೇ ಬರುತ್ತದೆ. ಬರೆಯಲು ಮಾತ್ರ ಗೊತ್ತಿಲ್ಲ. ನಾನು ಗುಣಾಕಾರ, ಕಳೆಯುವ ಲೆಕ್ಕಗಳನ್ನು ತೂಕದ ಚೀಟಿಯಿಂದಲೇ ಕೊಡುತ್ತೇನೆ. ಅವತ್ತು ಅವರೇ ಕ್ಲಾಸಿಗೆ ಮುಂದು. ಊರಿನ ಮಕ್ಕಳು ಅವರನ್ನು ಕೇಳಿ ಕಲಿಯುತ್ತಾರೆ.

ಹೊರಡುವ ಮನೆಗೆ ಈಗ ಒಂದು ಹಾಳೆ ಕೊಡುತ್ತೇನೆ. ಮಗು ಏಣಿಯ ಯಾವ ಮೆಟ್ಟಿಲಲ್ಲಿದೆ, ಏನು ಓದಬಲ್ಲದು, ನನ್ನ ಫೋನ್ ನಂಬರ್, ಇಷ್ಟೇ. ಕೆಳಗೆ ಇನ್ನೊಂದು ಸಾಲು: 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಟಿಸಿ ತಡವಾಯಿತೆಂದು ದಾಖಲಾತಿ ತಡೆಯುವಂತಿಲ್ಲ. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು. ತೋಟದ ಕಡೆಯ ಕೆಲವು ಟೀಚರ್‌ಗಳು ಹಾಳೆ ನೋಡಿ ಫೋನ್ ಮಾಡಿದ್ದಾರೆ. ತಮ್ಮ ಕಡೆಗೆ ಗುಳೆ ಬಂದ ಮಕ್ಕಳಿಗೂ ವಾಪಸ್ ಹೊರಡುವಾಗ ಇಂಥದ್ದೇ ಹಾಳೆ ಬರೆದುಕೊಡಲು ಅವರೂ ಶುರು ಮಾಡಿದ್ದಾರೆ.