ಸೊನ್ನೆ ಬರೆಯದ ಮೊದಲ ಸೀಸನ್

ನೈಸರ್ಗಿಕ ಸಂಪನ್ಮೂಲ ಮತ್ತು ಸಂರಕ್ಷಣೆಯಲ್ಲಿ ಮಾಸ್ಟರ್ಸ್ ಮಾಡುವಾಗ ನಾನು ಒಂದಿಡೀ ಫೀಲ್ಡ್ ಸೀಸನ್ ಹಾಳು ಮಾಡಿಕೊಂಡೆ. ಅದೂ ಸೊನ್ನೆ ಬರೆಯದೆ.

ನನ್ನ ಥೀಸಿಸ್ ನೀರುನಾಯಿಗಳ ಮೇಲೆ. ಹಾಗೆ ಶುರುವಾಗಿರಲಿಲ್ಲ ಬಿಡಿ. ಮೊದಲು ನಾನು ಕೊಟ್ಟ ವಿಷಯ ‘ನದಿ ಪರಿಸರದ ಮೇಲೆ ಮಾನವ ಚಟುವಟಿಕೆಗಳ ಪರಿಣಾಮ’. ಗೈಡ್ ಓದಿ ಮೂರೇ ಪ್ರಶ್ನೆ ಕೇಳಿದರು. ಯಾವ ನದಿ? ಎಷ್ಟು ದಿನ? ಯಾರ ದುಡ್ಡು? ಎರಡು ತಿಂಗಳು ಕಡಿದು ಕಡಿದು, ಕೊನೆಗೆ ಉಳಿದಿದ್ದು ಒಂದು ಹೊಳೆ, 40 ಕಡೆ, ಒಂದು ಪ್ರಾಣಿ. ಈ ಕಡಿಯುವ ಕೆಲಸವನ್ನು ಸೇರುವ ಮೊದಲೇ ಮಾಡಿಕೊಂಡರೆ ಒಳ್ಳೇದು. ಅನುಮತಿ ಪತ್ರಗಳಿಗೇ ತಿಂಗಳುಗಟ್ಟಲೆ ಹಿಡಿಯುತ್ತದೆ, ವಿಷಯ ಬದಲಾದರೆ ಅದನ್ನೂ ಮತ್ತೆ ಮೊದಲಿಂದ.

ನೀರುನಾಯಿ ಕಣ್ಣಿಗೆ ಬೀಳುವುದು ಅಪರೂಪ. ಹಿಕ್ಕೆಯನ್ನು ಮಾತ್ರ ಎದ್ದು ಕಾಣುವ ಜಾಗದಲ್ಲೇ ಹಾಕುತ್ತದೆ. ನೀರಿನಿಂದ ಮೇಲೆ ನಿಂತ ಬಂಡೆ, ಎರಡು ಹೊಳೆ ಸೇರುವ ತುದಿ, ಮರಳ ದಿಬ್ಬ. ಅದು ಅವುಗಳ ನಡುವಿನ ವಿಳಾಸ ಚೀಟಿ. ಕಡ್ಡಿಯಿಂದ ಬಿಡಿಸಿದರೆ ಮೀನಿನ ಮುಳ್ಳು, ಏಡಿ ಚಿಪ್ಪಿನ ಚೂರು ಸಿಗುತ್ತವೆ. ದಂಡೆಯ ಮೇಲೆ 600 ಮೀಟರ್ ನಡೆದು ಹುಡುಕುವುದು ಈ ಕೆಲಸದಲ್ಲಿ ಹಳೆಯ ರೂಢಿ. ನಾನೂ ಹಾಗೇ ನಡೆದೆ. ಸಿಕ್ಕ ಕಡೆಯಲ್ಲೆಲ್ಲ ಜಿಪಿಎಸ್ ಪಾಯಿಂಟ್ ಹಾಕಿದೆ, ಫೋಟೊ ತೆಗೆದೆ, ಚೆಂದವಾಗಿ ಬರೆದೆ. ಸಿಗದ ದಿನ ಪುಸ್ತಕ ಬ್ಯಾಗಿನಿಂದ ಆಚೆಗೇ ಬರಲಿಲ್ಲ. ಏನೂ ಇಲ್ಲದ್ದನ್ನು ಏನಂತ ಬರೆಯೋದು, ಅಲ್ವಾ?

ಸೀಸನ್ ಮುಗಿದ ಮೇಲೆ ಗೈಡ್ ನನ್ನ ಶೀಟ್ ತಿರುವಿ ಹಾಕಿದರು. “17 ಕಡೆ ಸಿಕ್ಕಿದೆ. ಉಳಿದ 23 ಕಡೆ ಹೋಗಿ ಸಿಗಲಿಲ್ಲವೋ, ಹೋಗಿಯೇ ಇಲ್ಲವೋ?” ಕೆಲವು ಕಡೆ ಎರಡು ಸಲ ಹೋಗಿದ್ದೆ, ಕೆಲವು ಕಡೆ ಮೂರು. ಯಾವುದಕ್ಕೆ ಎಷ್ಟು ಅನ್ನೋದು ನನಗೇ ನೆನಪಿರಲಿಲ್ಲ.

‘ಕಾಣಲಿಲ್ಲ’ ಬೇರೆ, ‘ಇಲ್ಲ’ ಬೇರೆ. ಈ ಎರಡನ್ನು ಬೇರ್ಪಡಿಸುವ ಲೆಕ್ಕಕ್ಕೆ ಆಕ್ಯುಪೆನ್ಸಿ ಮಾಡೆಲ್ ಅನ್ನುತ್ತಾರೆ. ಡ್ಯಾರಿಲ್ ಮೆಕೆಂಜಿ ಮತ್ತು ಜೊತೆಗಾರರು 2002ರಲ್ಲಿ ಇದನ್ನು ಪ್ರಕಟಿಸಿದರು. ಅದು ಬೇಡುವುದು ಇಷ್ಟೇ: ಒಂದೇ ಜಾಗಕ್ಕೆ ಹಲವು ಸಲ ಹೋಗು, ಸಿಕ್ಕರೆ 1 ಬರೆ, ಸಿಗದಿದ್ದರೆ 0 ಬರೆ. ಪ್ರಾಣಿ ಇರುವ ಜಾಗದಲ್ಲೂ ಒಂದು ಸಲ ಹೋದಾಗ ಗುರುತು ಸಿಗುವ ಸಾಧ್ಯತೆ 0.3 ಅಂತಿಟ್ಟುಕೊಳ್ಳಿ. ಆಗ ಸಿಗದೇ ಹೋಗುವುದು 0.7. ನಾಲ್ಕು ಸಲವೂ ತಪ್ಪಿಹೋಗುವ ಸಾಧ್ಯತೆ 0.7ರ ನಾಲ್ಕನೇ ಘಾತ, ಅಂದರೆ 0.24. ನಾಲ್ಕು ಸಲ ನಡೆದು ಬಂದರೂ ಸುಮಾರು ಕಾಲು ಭಾಗ ಕಡೆ ನಾವು ಮೋಸ ಹೋಗುತ್ತೇವೆ. ನನ್ನ ಪುಸ್ತಕದಲ್ಲಿ ಸೊನ್ನೆಗಳೇ ಇಲ್ಲದ್ದರಿಂದ ಲೆಕ್ಕ ಶುರುವೇ ಆಗಲಿಲ್ಲ.

ಎರಡನೇ ಸೀಸನ್‌ನಲ್ಲಿ ಫಾರಂ ನಾನೇ ಬರೆದುಕೊಂಡೆ. ದಿನ, ಹೊತ್ತು, ಹಿಂದಿನ ವಾರ ಮಳೆ ಬಂತಾ, ನೀರು ಏರಿತ್ತಾ (ಏರಿದರೆ ಹಿಕ್ಕೆ ಕೊಚ್ಚಿಹೋಗುತ್ತದೆ), ಕೊನೆಗೆ 0 ಅಥವಾ 1. ಮೊದಲ ದಿನ ಬರೆದ ಮೊದಲ ಅಂಕಿ ಸೊನ್ನೆ. 40 ಕಡೆ, ನಾಲ್ಕು ನಾಲ್ಕು ಸಲ, ಒಟ್ಟು 96 ಕಿಲೋಮೀಟರ್. 23 ಕಡೆ ಸಿಕ್ಕಿತು. ಲೆಕ್ಕ ಸರಿಪಡಿಸಿದ ಮೇಲೆ ಸುಮಾರು 30 ಅಂತ ಬಂತು.

ಕ್ಯಾಮೆರಾ ಟ್ರ್ಯಾಪ್ ಕೂಡ ಎರಡು ಕಟ್ಟಿದ್ದೆ. ಸುಮ್ನೆ ಆಸೆಗೆ. ಅದರ ಸೆನ್ಸರ್ ಬಿಸಿಯ ವ್ಯತ್ಯಾಸ ಅಲುಗಾಡಿದರೆ ಫೋಟೊ ಹೊಡೆಯುತ್ತದೆ. ಬಿಸಿಲಿಗೆ ಕಾದ ಹುಲ್ಲು ಗಾಳಿಗೆ ತೂಗಿದರೂ ಸಾಕು. ಕಾರ್ಡ್ ತುಂಬ ಹುಲ್ಲು. ಮುಂದಿನ ಗಿಡಗಂಟಿ ಕತ್ತರಿಸಿಯೇ ಕಟ್ಟಬೇಕು ಅಂತ ಆಮೇಲೆ ಗೊತ್ತಾಯಿತು.

ತರಗತಿಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಂಕಿಅಂಶ ಮತ್ತು ಅದರ ಲೆಕ್ಕಕ್ಕೆ ಬಳಸುವ ಆರ್ (R) ಅನ್ನೋ ಕಂಪ್ಯೂಟರ್ ಭಾಷೆಯನ್ನು ಮೊದಲ ದಿನದಿಂದಲೇ ಹಿಡಿಯಿರಿ, ಅಷ್ಟೇ. ನಾನು ಬೇಕೋ ಬೇಡವೋ ಅಂತ ತಗೊಂಡ ಪೇಪರ್ ಒಂದಿತ್ತು, ಸಾಮೂಹಿಕ ಸಂಪನ್ಮೂಲಗಳ ಮೇಲೆ. ಎಲ್ಲರ ಹುಲ್ಲುಗಾವಲು ಹಾಳಾಗಿಯೇ ತೀರುತ್ತದೆ ಅಂತ 1968ರಲ್ಲಿ ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ವಾದಿಸಿದ್ದರು. ರಾಜಕೀಯ ಶಾಸ್ತ್ರಜ್ಞೆ ಎಲಿನಾರ್ ಆಸ್ಟ್ರಮ್ ನೀರಾವರಿ, ಕಾಡು, ಮೀನುಗಾರಿಕೆಯ ನಿಜವಾದ ಊರುಗಳನ್ನು ನೋಡಿ, ಜನ ತಾವೇ ನಿಯಮ ಕಟ್ಟಿಕೊಂಡು ಉಳಿಸಿಕೊಂಡದ್ದೂ ಇದೆ ಅಂತ ತೋರಿಸಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡವರಲ್ಲಿ ಅವರೂ ಒಬ್ಬರು. ಆ ಪೇಪರ್ ಓದದಿದ್ದರೆ ಮೀನುಗಾರರ ಹತ್ತಿರ ಕೂತು ಮಾತಾಡುವ ಬುದ್ಧಿ ನನಗೆ ಬರುತ್ತಿರಲಿಲ್ಲ.

ಮೊದಲು ಅವರು ಏನು ಕೇಳಿದರೂ “ನೋಡಿಲ್ಲ” ಅನ್ನುತ್ತಿದ್ದರು. ಇದೆ ಅಂದರೆ ನಾಳೆ ಬಲೆ ಬೀಸಬೇಡಿ ಅಂತಾರೆ ಅನ್ನೋ ಭಯ. ಭಯಕ್ಕೆ ಕಾರಣವೂ ಇತ್ತು. ಹೆಸರು ಬರೆಯುವುದಿಲ್ಲ, ಜಾಗ ಯಾರಿಗೂ ಕೊಡುವುದಿಲ್ಲ ಅಂತ ವಿಶ್ವವಿದ್ಯಾಲಯದ ನೈತಿಕ ಸಮಿತಿಗೆ ಬರೆದುಕೊಟ್ಟಿದ್ದನ್ನು ಅವರಿಗೂ ಓದಿ ಹೇಳಿದೆ. ಆಮೇಲೆ ನಿಧಾನಕ್ಕೆ ಬಾಯಿ ಬಿಟ್ಟರು.

ಥೀಸಿಸ್ ಕೊಡುವ ಮೊದಲು ನಕ್ಷೆ ತಗೊಂಡು ಅವರ ಹತ್ತಿರ ಹೋದೆ. ವಯಸ್ಸಾದವರೊಬ್ಬರು ಒಂದು ಜಾಗದ ಮೇಲೆ ಬೆರಳಿಟ್ಟರು. ನಾಲ್ಕು ಸಲ ಹೋಗಿ ನಾಲ್ಕು ಸೊನ್ನೆ ಬರೆದಿದ್ದ ಜಾಗ.

“ಇಲ್ಲಿ ಇದಾವಲ್ಲ.”

“ನಾಲ್ಕು ಸಲ ನಡೆದಿದೀನಿ, ಏನೂ ಸಿಗಲಿಲ್ಲ.”

“ನೀವು ಯಾವಾಗ್ಲೂ ಈ ದಂಡೇಲೇ ನಡೀತೀರಿ. ಅವು ಕೂರೋದು ಆ ದಂಡೆ ಬಂಡೆ ಮೇಲೆ.”

ಇರುವುದನ್ನು ಕೆಲವು ಸಲ ತಪ್ಪಿಸಿಕೊಂಡರೆ ಮಾಡೆಲ್ ಸರಿಪಡಿಸುತ್ತದೆ. ಕಾಲೇ ಇಡದ ದಂಡೆಯನ್ನು ಅದು ಹೇಗೆ ಸರಿಪಡಿಸೀತು? ಮರುದಿನ ದೋಣಿಯಲ್ಲಿ ಆಚೆ ದಂಡೆಗೆ ಹೋದೆವು. ಬಂಡೆ ಮೇಲೆ ಹಿಕ್ಕೆ ಇತ್ತು, ಇನ್ನೂ ಹಸಿ. ಸೀಸನ್ ಮುಗಿದಿತ್ತು, ಹಾಗಾಗಿ ಲೆಕ್ಕಕ್ಕೆ ಸೇರಿಸುವಂತಿರಲಿಲ್ಲ. ಥೀಸಿಸ್‌ನ ಮಿತಿಗಳ ಭಾಗದಲ್ಲಿ ಒಂದು ಸಾಲು ಸೇರಿಸಿದೆ: ಒಂದೇ ದಂಡೆಯನ್ನು ನೋಡಲಾಗಿದೆ.