ಗುಂಟೆ ಲೆಕ್ಕದ ಪುಟ್ಟ ವೆಬ್‌ಸೈಟ್: ಕೆಲಸದ ಜೊತೆಗೆ ನಡೆಸುವ ಬಗೆ

ಕೆಲಸಕ್ಕೆ ಹೋಗುವವರಿಗೆ ವಾರದಲ್ಲಿ ಉಳಿಯುವುದು ಹೆಚ್ಚೆಂದರೆ ನಾಲ್ಕೈದು ಗಂಟೆ. ಜಾಹೀರಾತಿನಿಂದ ಒಂದಿಷ್ಟು ದುಡ್ಡು ತರುವ ವೆಬ್‌ಸೈಟ್‌ಗೆ ವಿಷಯ ಹುಡುಕುವಾಗ ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ್ದು ಇದನ್ನೇ. ನೇಮಕಾತಿ ಸುದ್ದಿ, ಚಿನ್ನದ ದರ, ಯೋಜನೆಯ ಹಣ ಯಾವಾಗ ಬರುತ್ತದೆ ಎಂಬಂಥ ಪುಟಗಳಿಗೆ ಓದುಗರು ಬಹಳ, ನಿಜ. ಆದರೆ ಅವನ್ನು ದಿನವೂ ತಿದ್ದುತ್ತಿರಬೇಕು. ಆಫೀಸಿನಲ್ಲಿ ಎರಡು ದಿನ ಸಿಕ್ಕಿಹಾಕಿಕೊಂಡರೆ ಪುಟ ಹಳಸುತ್ತದೆ, ಹಳಸಿದ್ದನ್ನು ನಂಬಿದವರು ಕೆಲಸ ಬಿಟ್ಟು ತಾಲ್ಲೂಕು ಕಚೇರಿಗೆ ಅಲೆಯುತ್ತಾರೆ. ಹಾಗೆ ಜನರನ್ನು ಅಲೆಸಿ ಬರುವ ಜಾಹೀರಾತಿನ ದುಡ್ಡು ನಮಗೆ ಬೇಡ. ಐದು ವರ್ಷ ಕಳೆದರೂ ಸುಳ್ಳಾಗದ ವಿಷಯ ಆರಿಸಿ.

ನಮ್ಮ ಕಡೆ ಅಂಥದ್ದೊಂದು ವಿಷಯ ಜಮೀನಿನ ಅಳತೆ. 40 ಗುಂಟೆಗೆ 1 ಎಕರೆ, 1 ಗುಂಟೆಗೆ 16 ಆಣೆ, 1 ಗುಂಟೆಗೆ 1,089 ಚದರ ಅಡಿ, 1 ಎಕರೆಗೆ 43,560 ಚದರ ಅಡಿ. ಇವು ಯಾವ ಸರ್ಕಾರ ಬಂದರೂ ಬದಲಾಗುವುದಿಲ್ಲ. ಲೆಕ್ಕ ತಪ್ಪುವವರೂ ದಿನಾ ಇದ್ದೇ ಇರುತ್ತಾರೆ. ಇಲ್ಲಿ ಇದನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಕೆಲಸದ ಕ್ರಮ ಹೇಳುತ್ತೇವೆ. ಬಾವಿ ಪಂಪಿನ ಎಚ್‌ಪಿ, ಸಿಮೆಂಟ್ ಮೂಟೆಯ ಲೆಕ್ಕ, ಅಡಿಕೆ ಗಿಡದ ಅಂತರ, ವಿಷಯ ಯಾವುದಾದರೂ ಸರಿ, ಕ್ರಮ ಇದೇ.

ಮೊದಲು ನೇಮಕಾತಿ ಪತ್ರ ಓದಿ

ಡೊಮೇನ್ (ವೆಬ್‌ಸೈಟಿನ ವಿಳಾಸದ ಹೆಸರು) ಕೊಳ್ಳುವ ಮೊದಲೇ ನೇಮಕಾತಿ ಪತ್ರ ತೆಗೆದು ಎರಡು ಷರತ್ತು ಹುಡುಕಿ. ಒಂದು, ಹೊರಗಿನ ಕೆಲಸ ಅಥವಾ ವ್ಯವಹಾರಕ್ಕೆ ಅನುಮತಿ ಬೇಕೇ ಎಂಬುದು. ಇನ್ನೊಂದು, ನೀವು ರೂಪಿಸಿದ್ದರ ಹಕ್ಕು ಕಂಪನಿಗೆ ಸೇರುತ್ತದೆಯೇ ಎಂಬುದು. ಅನುಮತಿ ಬೇಕು ಎಂದಿದ್ದರೆ ಎಚ್‌ಆರ್‌ಗೆ ನಾಲ್ಕು ಸಾಲು ಬರೆದು, ಉತ್ತರವನ್ನು ಜೋಪಾನ ಮಾಡಿ. 2022ರಲ್ಲಿ ವಿಪ್ರೊ ಏಕಕಾಲಕ್ಕೆ ಪ್ರತಿಸ್ಪರ್ಧಿ ಕಂಪನಿಗಳಿಗೂ ದುಡಿಯುತ್ತಿದ್ದ 300 ಮಂದಿಯನ್ನು ಕೆಲಸದಿಂದ ತೆಗೆದ ಮೇಲೆ ಬೆಂಗಳೂರಿನ ಕಂಪನಿಗಳು ಈ ಷರತ್ತುಗಳನ್ನು ಹಗುರವಾಗಿ ನೋಡುತ್ತಿಲ್ಲ. ರಾಜ್ಯ ಸರ್ಕಾರಿ ನೌಕರರಿಗೆ 2021ರ ನಡತೆ ನಿಯಮಗಳು ಅನ್ವಯಿಸುತ್ತವೆ; ಪೂರ್ವಾನುಮತಿ ಇಲ್ಲದೆ ಖಾಸಗಿ ವ್ಯಾಪಾರಕ್ಕೆ ಇಳಿಯುವಂತಿಲ್ಲ. ಏನೇ ಆಗಲಿ, ಆಫೀಸಿನ ಲ್ಯಾಪ್‌ಟಾಪ್, ಆಫೀಸಿನ ಇಮೇಲ್, ಆಫೀಸಿನ ವೈಫೈ ಮೂರನ್ನೂ ಈ ಕೆಲಸಕ್ಕೆ ಮುಟ್ಟಬೇಡಿ.

ಹೆಸರು ಮತ್ತು ಜಾಗ

ಡೊಮೇನ್ ಕೊಳ್ಳುವಾಗ ಮೊದಲ ವರ್ಷದ ರಿಯಾಯಿತಿ ನೋಡಬೇಡಿ, ನವೀಕರಣದ ದರ ನೋಡಿ. ವಿದೇಶಿ ಕಂಪನಿಯಲ್ಲಿ ಕೊಂಡರೆ ಕಾರ್ಡಿನಿಂದ ತಾನಾಗಿಯೇ ಹಣ ಕಡಿತವಾಗುತ್ತದೆಂದು ನಂಬಿ ಕೂರಬೇಡಿ. ಸ್ವಯಂ ಪಾವತಿಗೆ 2021ರಿಂದ ರಿಸರ್ವ್ ಬ್ಯಾಂಕಿನ ನಿಯಮ ಬಿಗಿಯಾಗಿದೆ, ಎಷ್ಟೋ ಸಲ ಬ್ಯಾಂಕೇ ಪಾವತಿಯನ್ನು ತಡೆಯುತ್ತದೆ. ಅವಧಿ ಮುಗಿಯುವ 45 ದಿನ ಮೊದಲೇ ಫೋನಿನಲ್ಲಿ ಜ್ಞಾಪನೆ ಇಡಿ, ಸಾಧ್ಯವಾದರೆ ಒಮ್ಮೆಗೇ ಮೂರು ವರ್ಷಕ್ಕೆ ಕಟ್ಟಿ. ಗಡುವು ದಾಟಿದ ಹೆಸರನ್ನು ಬಿಡಿಸಿಕೊಳ್ಳಲು ನವೀಕರಣದ ಹಲವು ಪಟ್ಟು ದಂಡ ತೆರಬೇಕಾಗಬಹುದು.

ಹೆಸರಿನಲ್ಲಿ ಭೂಮಿ, ಕಾವೇರಿ, ದಿಶಾಂಕ್ ಇವುಗಳ ನೆರಳೂ ಇರಕೂಡದು. ಅವು ಸರ್ಕಾರಿ ಸೇವೆಗಳು, ಜನ ನಿಮ್ಮದನ್ನೂ ಸರ್ಕಾರದ್ದೆಂದೇ ತಿಳಿಯುತ್ತಾರೆ. ರಾಷ್ಟ್ರಲಾಂಛನ ಹಾಕುವುದು 2005ರ ಕಾಯ್ದೆಯಂತೆ ಅಪರಾಧ. ಆಧಾರ್ ಸಂಖ್ಯೆ, ಸರ್ವೆ ನಂಬರ್, ಫೋನ್ ನಂಬರ್ ಯಾವುದನ್ನೂ ಕೇಳಬೇಡಿ, ಲೆಕ್ಕಕ್ಕೆ ಅವು ಬೇಕಿಲ್ಲ. ಕನ್ನಡ ಲಿಪಿಯಲ್ಲೇ ‘.ಭಾರತ’ ಡೊಮೇನ್ ಸಿಗುತ್ತದೆ, ನೋಡಲು ಖುಷಿಯೂ ಆಗುತ್ತದೆ. ಆದರೆ ಹಲವು ಆ್ಯಪ್‌ಗಳಲ್ಲಿ ಅಂಟಿಸಿದಾಗ ಅದು ಅರ್ಥವಾಗದ ರೋಮನ್ ಅಕ್ಷರಗಳ ಸರಮಾಲೆಯಾಗಿ ಕಾಣುತ್ತದೆ. ಆದ್ದರಿಂದ ಮುಖ್ಯ ವಿಳಾಸ ರೋಮನ್ ಲಿಪಿಯಲ್ಲಿರಲಿ.

ಲೆಕ್ಕ ನಡೆಯುವುದು ಓದುಗರ ಫೋನಿನಲ್ಲೇ ಆದ್ದರಿಂದ ಡೇಟಾಬೇಸ್ ಬೇಕಾಗಿಲ್ಲ. ಎಚ್‌ಟಿಎಂಎಲ್ ಕಡತಗಳನ್ನು ಕ್ಲೌಡ್‌ಫ್ಲೇರ್ ಪೇಜಸ್‌ನಂಥ ಉಚಿತ ಜಾಗದಲ್ಲಿಟ್ಟರೆ ಸಾಕು. ಇಂಥ ವೆಬ್‌ಸೈಟ್‌ಗೆ ವೆಬ್‌ಸೈಟ್ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್ ಹೊರೆ ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಜೋಡಿಸಿದ ಪ್ಲಗಿನ್ (ಹೆಚ್ಚುವರಿ ತಂತ್ರಾಂಶ) ಹಳತಾಗಿ ಯಾರೋ ಒಳನುಗ್ಗುವ ಹೊತ್ತಿಗೆ ನೀವು ಆಫೀಸಿನ ಮೀಟಿಂಗಿನಲ್ಲಿರುತ್ತೀರಿ.

ಲೆಕ್ಕದ ಪುಟ ಕಟ್ಟುವುದು

ಅತಿ ಹೆಚ್ಚು ಸಮಯ ಇಲ್ಲಿಗೇ ಕೊಡಿ. ‘1 ಗುಂಟೆಗೆ ಎಷ್ಟು ಚದರ ಅಡಿ’ ಎಂಬುದಕ್ಕೆ ಗೂಗಲ್ ತನ್ನ ಪುಟದಲ್ಲೇ ಉತ್ತರ ಕೊಟ್ಟುಬಿಡುತ್ತದೆ, ನಿಮ್ಮಲ್ಲಿಗೆ ಬರುವ ಅಗತ್ಯ ಯಾರಿಗೂ ಬೀಳುವುದಿಲ್ಲ. ಒಂದು ಸಾಲಿನಲ್ಲಿ ಮುಗಿಯದ ಲೆಕ್ಕವನ್ನು ಹಿಡಿಯಿರಿ.

ಪಹಣಿಯಲ್ಲಿ ವಿಸ್ತೀರ್ಣ 2.20.00 ಎಂದಿರುತ್ತದೆ ಎನ್ನಿ. ಅದು 2 ಎಕರೆ 20 ಗುಂಟೆ, ಅಂದರೆ ಎರಡೂವರೆ ಎಕರೆ. ಚುಕ್ಕಿಯನ್ನು ದಶಾಂಶವೆಂದು ಓದಿದವರು 2.20 ಎಕರೆ, ಅಂದರೆ 88 ಗುಂಟೆ ಎಂದುಕೊಂಡು 12 ಗುಂಟೆ ಕಳೆದುಕೊಳ್ಳುತ್ತಾರೆ. ಕೂಡುವಾಗಲೂ ಇದೇ ಪಾಡು: 1.25ಕ್ಕೆ 0.30 ಸೇರಿಸಿದರೆ ಕ್ಯಾಲ್ಕ್ಯುಲೇಟರ್ 1.55 ಎನ್ನುತ್ತದೆ, ಸರಿಯಾದ ಉತ್ತರ 2 ಎಕರೆ 15 ಗುಂಟೆ. ಆದ್ದರಿಂದ ಒಂದೇ ಖಾನೆ ಕೊಡಬೇಡಿ. ಎಕರೆ, ಗುಂಟೆ, ಆಣೆ ಎಂದು ಮೂರು ಖಾನೆ ಕೊಡಿ. ಒಳಗೆ ಎಲ್ಲವನ್ನೂ ಆಣೆಗೆ ಇಳಿಸಿ, ಕೂಡಿ ಕಳೆದು, ಕೊನೆಗೆ ಮತ್ತೆ ಎಕರೆ-ಗುಂಟೆಗೆ ಏರಿಸಿ. 1 ಎಕರೆಗೆ 640 ಆಣೆ. ಪೂರ್ಣಾಂಕದಲ್ಲೇ ಲೆಕ್ಕ ಓಡುವುದರಿಂದ ದಶಾಂಶದ ಚಿಲ್ಲರೆ ವ್ಯತ್ಯಾಸ ಬರುವುದಿಲ್ಲ. ಗುಂಟೆಯ ಖಾನೆಯಲ್ಲಿ 39 ದಾಟಿದರೆ, ಆಣೆಯಲ್ಲಿ 15 ದಾಟಿದರೆ ಕೆಳಗೆ ಎಚ್ಚರಿಕೆಯ ಸಾಲು ಬರಲಿ.

ನಂತರ ಭಾಗದ ಲೆಕ್ಕ. 2 ಎಕರೆ 13 ಗುಂಟೆ ಜಮೀನು, ಮೂವರು ಅಣ್ಣತಮ್ಮಂದಿರು. ಒಟ್ಟು 93 ಗುಂಟೆ, ತಲೆಗೆ 31. ಅದರಲ್ಲಿ 3 ಗುಂಟೆ ಖರಾಬು (ಸಾಗುವಳಿಗೆ ಬಾರದ ಜಾಗ) ಇದ್ದರೆ ಹಂಚಿಕೆಗೆ ಉಳಿಯುವುದು 90, ತಲೆಗೆ 30. ಹಾಗಾಗಿ ಖರಾಬಿಗೆ ಬೇರೆಯೇ ಖಾನೆ ಬೇಕು. ಹುಡುಕಾಟದ ಪುಟದಲ್ಲಿ ಸಿಗದ, ಜನಕ್ಕೆ ನಿಜವಾಗಿ ಬೇಕಾದ ಲೆಕ್ಕ ಇದು. ಉತ್ತರದ ಜೊತೆಗೆ ಹಂತಗಳನ್ನೂ ತೋರಿಸಿ, ಮನೆಯ ಹಿರಿಯರು ಕಾಗದದ ಮೇಲೆ ತಾಳೆ ನೋಡುವಂತಿರಲಿ. ‘ಇದು ಅಂದಾಜಿಗೆ ಮಾತ್ರ, ಹದ್ದುಬಸ್ತಿಗೆ ಸರ್ವೆಯರ್ ಅಳತೆಯೇ ಅಂತಿಮ’ ಎಂಬ ಸಾಲು ಉತ್ತರದ ಕೆಳಗೇ ಇರಬೇಕು.

ದಕ್ಷಿಣ ಕನ್ನಡ, ಉಡುಪಿ ಕಡೆಯವರು ಮಾತಾಡುವುದು ಸೆಂಟ್ಸ್‌ನಲ್ಲಿ. 100 ಸೆಂಟ್ಸ್‌ಗೆ 1 ಎಕರೆ, 1 ಗುಂಟೆಗೆ ಎರಡೂವರೆ ಸೆಂಟ್ಸ್. ಅವರಿಗೆ ಬೇರೆಯೇ ಪುಟ ಮಾಡಿ. ಒಂದೇ ಪುಟದಲ್ಲಿ ಎಲ್ಲವನ್ನೂ ತುಂಬಿದರೆ ಗುಂಟೆಯ ಖಾನೆಗೆ ಸೆಂಟ್ಸ್ ಹಾಕಿ ತಪ್ಪು ಉತ್ತರ ಒಯ್ಯುತ್ತಾರೆ.

ಅಂಕಿಗಳದ್ದೊಂದು ತೊಡಕಿದೆ. ಖಾನೆಯನ್ನು ‘ನಂಬರ್’ ಮಾದರಿಯಲ್ಲಿ ಮಾಡಿದರೆ ಬ್ರೌಸರ್ ೨, ೫ರಂಥ ಕನ್ನಡ ಅಂಕಿಗಳನ್ನು ಒಪ್ಪುವುದಿಲ್ಲ. ಕನ್ನಡ ಕೀಲಿಮಣೆಯಲ್ಲಿ ಟೈಪಿಸಿದವರಿಗೆ ಖಾನೆ ಖಾಲಿ ಕಾಣುತ್ತದೆ, ಅವರು ಪುಟವೇ ಕೆಟ್ಟಿದೆ ಎಂದುಕೊಂಡು ಹೋಗುತ್ತಾರೆ. ಖಾನೆಯನ್ನು ಪಠ್ಯದ ಮಾದರಿಯಲ್ಲಿಟ್ಟು, ಅಂಕಿಯ ಕೀಲಿಮಣೆ ತೆರೆಯುವ ಸೂಚನೆ ಕೊಟ್ಟು, ೦ಯಿಂದ ೯ರವರೆಗಿನದನ್ನು ಸ್ಕ್ರಿಪ್ಟ್‌ನಲ್ಲಿ 0-9ಕ್ಕೆ ಬದಲಿಸಿಕೊಳ್ಳಿ. ನಾಲ್ಕು ಸಾಲಿನ ಕೆಲಸ.

ಕನ್ನಡ ಪಠ್ಯದ ತೊಡಕುಗಳು

ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪಿಸಿದ ಆಸ್ಕಿ ಪಠ್ಯವಿದ್ದರೆ (ಆ ಫಾಂಟ್ ಇಲ್ಲದ ಕಡೆ ಓದಲಾಗದ್ದು) ಎಲ್ಲ ಕಡೆ ಓದಬಹುದಾದ ಯೂನಿಕೋಡ್‌ಗೆ ಪರಿವರ್ತಿಸಿ, ಮತ್ತೊಮ್ಮೆ ಓದಿ. ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರಗಳು ಸ್ಥಾನ ಬಿಡುವುದುಂಟು. ಸಾಲಿನ ಎತ್ತರ ಅಕ್ಷರದ ಗಾತ್ರದ 1.7 ಪಟ್ಟಿನ ಆಸುಪಾಸಿನಲ್ಲಿರಲಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ಫಾಂಟ್ ಬೇರೆ ಇಳಿಸಬೇಡಿ, ಫೋನಿನಲ್ಲಿರುವುದೇ ಚೆನ್ನಾಗಿದೆ.

ಪುಟದ ವಿಳಾಸವನ್ನು ರೋಮನ್ ಅಕ್ಷರದಲ್ಲೇ ಬರೆಯಿರಿ. ಕನ್ನಡದ ಪ್ರತಿ ಚಿಹ್ನೆಯೂ ವಿಳಾಸದಲ್ಲಿ ಒಂಬತ್ತು ಅಕ್ಷರವಾಗಿ ಹಿಗ್ಗುತ್ತದೆ. ‘ಗುಂಟೆ’ ಎಂಬಲ್ಲಿ ಗ, ಉಕಾರ, ಸೊನ್ನೆ, ಟ, ಎಕಾರ ಎಂದು ಐದು ಚಿಹ್ನೆ, ಅಂದರೆ 45 ಅಕ್ಷರ. ವರ್ಡ್‌ಪ್ರೆಸ್‌ನಲ್ಲೇ ಮಾಡುವವರಿಗೆ ಇದು ಇನ್ನೂ ಮುಖ್ಯ, ಅಲ್ಲಿ ಶೀರ್ಷಿಕೆಯಿಂದ ತಯಾರಾಗುವ ವಿಳಾಸದ ಭಾಗಕ್ಕೆ 200 ಅಕ್ಷರದ ಮಿತಿ ಇದೆ. ‘ಒಂದು ಗುಂಟೆಗೆ ಎಷ್ಟು ಚದರ ಅಡಿ’ ಎಂದು ಶೀರ್ಷಿಕೆ ಕೊಟ್ಟರೆ ಅದು 202 ಆಗುತ್ತದೆ. ಕೊನೆಯ ಗುಡಿಸು ಕತ್ತರಿಸಿ ಹೋಗಿ ವಿಳಾಸ ‘ಅಡ’ ಎಂದು ನಿಲ್ಲುತ್ತದೆ.

ಕನ್ನಡಿಗರು ಹುಡುಕುವಾಗ ಬಹಳ ಸಲ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪಿಸುತ್ತಾರೆ, ಗುಂಟೆಯೊಂದಕ್ಕೇ ಮೂರ್ನಾಲ್ಕು ಕಾಗುಣಿತ. ತಲೆಬರಹ ಕನ್ನಡದಲ್ಲಿರಲಿ, ಅದರ ಕೆಳಗೆ ರೋಮನ್‌ನಲ್ಲಿ ಒಂದು ಸಹಜ ವಾಕ್ಯ ಇರಲಿ. ಕಾಗುಣಿತಗಳನ್ನೆಲ್ಲ ಪಟ್ಟಿಯಾಗಿ ಸುರಿಯಬೇಡಿ, ಗೂಗಲ್ ಅದನ್ನು ಸ್ಪ್ಯಾಮ್ ಎಂದೇ ಎಣಿಸುತ್ತದೆ. ಎಐಯಿಂದ ಒಂದೇ ರಾತ್ರಿ ಮುನ್ನೂರು ಪುಟ ಬರೆಸುವುದಕ್ಕೂ ಅದೇ ಗತಿ. ರಾಶಿ ರಾಶಿ ತಯಾರಿಸಿದ ಪುಟಗಳ ಮೇಲೆ 2024ರ ಮಾರ್ಚ್‌ನಲ್ಲಿ ಸ್ಪಷ್ಟ ನಿಯಮವೇ ಬಂದಿದೆ. ಕೈಯಾರೆ ಮಾಡಿದ ಹದಿನೈದು ಪುಟ ಸಾಕು.

ಜಾಹೀರಾತು ಮತ್ತು ದುಡ್ಡು

ವೆಬ್‌ಸೈಟುಗಳಿಗೆ ಜಾಹೀರಾತು ಕೊಟ್ಟು ಹಣ ಹಂಚುವ ಗೂಗಲ್ ಆ್ಯಡ್‌ಸೆನ್ಸ್ ಕನ್ನಡವನ್ನು ಒಪ್ಪುತ್ತದೆ. ಬರೀ ಖಾನೆಗಳಿರುವ ಪುಟಕ್ಕೆ ‘ಕಡಿಮೆ ಮೌಲ್ಯದ ವಿಷಯ’ ಎಂದು ತಿರಸ್ಕಾರ ಬರಬಹುದು. ಆದ್ದರಿಂದ ಪ್ರತಿ ಪುಟದಲ್ಲೂ ಲೆಕ್ಕ ಹೇಗೆ, ಎಲ್ಲಿ ತಪ್ಪುತ್ತದೆ ಎಂದು ಮುನ್ನೂರು ಪದವಾದರೂ ಬರೆದು, ಪರಿಚಯ, ಸಂಪರ್ಕ, ಗೋಪ್ಯತಾ ನೀತಿಯ ಪುಟಗಳನ್ನು ಸೇರಿಸಿದ ಮೇಲೆ ಅರ್ಜಿ ಹಾಕಿ. ಅರ್ಜಿಯಲ್ಲಿ ಹೆಸರು ಬ್ಯಾಂಕ್ ಖಾತೆಯಲ್ಲಿರುವಂತೆಯೇ ಇರಬೇಕು, ಇನಿಷಿಯಲ್ ಕೂಡ ಹಿಂದೆ ಮುಂದೆ ಆಗಕೂಡದು. ಗಳಿಕೆ 10 ಡಾಲರ್ ಮುಟ್ಟಿದಾಗ ಮನೆಗೆ ಸಾಮಾನ್ಯ ಅಂಚೆಯಲ್ಲಿ ವಿಳಾಸ ಖಚಿತಪಡಿಸುವ ಪಿನ್ ಬರುತ್ತದೆ. ನಾಲ್ಕು ತಿಂಗಳೊಳಗೆ ಅದನ್ನು ನಮೂದಿಸದಿದ್ದರೆ ಜಾಹೀರಾತು ನಿಲ್ಲುತ್ತದೆ. ಹಳ್ಳಿಯ ವಿಳಾಸವಾದರೆ ಅಂಚೆ ಕಚೇರಿ, ಹೋಬಳಿ, ತಾಲ್ಲೂಕು ಎಲ್ಲ ಬರೆದು ಪೋಸ್ಟ್‌ಮ್ಯಾನ್‌ಗೂ ಒಂದು ಮಾತು ಹೇಳಿಡಿ.

100 ಡಾಲರ್ ತುಂಬಿದ ಮುಂದಿನ ತಿಂಗಳ 21ರಿಂದ 26ರೊಳಗೆ ಹಣ ಹೊರಡುತ್ತದೆ. ಬ್ಯಾಂಕಿನ ಎಲ್ಲ ಶಾಖೆಗೂ ಸ್ವಿಫ್ಟ್ ಕೋಡ್ (ವಿದೇಶದ ಹಣ ಪಡೆಯಲು ಬೇಕಾದ ಬ್ಯಾಂಕ್ ಗುರುತು) ಇರುವುದಿಲ್ಲ, ವಿದೇಶಿ ವಿನಿಮಯ ನೋಡುವ ಶಾಖೆಯ ಕೋಡ್ ಕೇಳಿ ತೆಗೆದುಕೊಳ್ಳಿ. ಸಾವಿರ ಪುಟವೀಕ್ಷಣೆಗೆ ಅರ್ಧ ಡಾಲರ್ ಎಂದು ಇಟ್ಟುಕೊಂಡರೂ 100 ಡಾಲರ್‌ಗೆ ಎರಡು ಲಕ್ಷ ವೀಕ್ಷಣೆ ಬೇಕು. ಈ ಲೆಕ್ಕ ಗೊತ್ತಿದ್ದರೆ ಮೂರನೇ ತಿಂಗಳಿಗೆ ನಿರಾಶೆಯಾಗುವುದಿಲ್ಲ. ಲೆಕ್ಕದ ಗುಂಡಿಯ ಪಕ್ಕದಲ್ಲಿ ಜಾಹೀರಾತು ಇಡಬೇಡಿ, ಬೆರಳು ತಪ್ಪಿ ಬೀಳುವ ಕ್ಲಿಕ್ಕಿನಿಂದ ಖಾತೆಗೇ ಕುತ್ತು. ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ‘ಜಾಹೀರಾತು ಒತ್ತಿ’ ಎಂದು ಹೇಳುವುದಂತೂ ಖಾತೆ ಮುಚ್ಚಿಸುವ ನೇರ ದಾರಿ.

ನಿಮ್ಮ ಜಿಲ್ಲೆಯ ಡ್ರಿಪ್ ಪೈಪಿನ ಅಂಗಡಿ ತಿಂಗಳಿಗೆ 500 ರೂಪಾಯಿಗೆ ಒಂದು ಜಾಹೀರಾತು ಪಟ್ಟಿ ಹಾಕಿದರೆ, ಮೇಲಿನ ದರದಲ್ಲಿ ಅದು ಹತ್ತು ಸಾವಿರಕ್ಕೂ ಹೆಚ್ಚು ವೀಕ್ಷಣೆಗೆ ಸಮ. ಆ ಕೊಂಡಿಗೆ ‘ಪ್ರಾಯೋಜಿತ’ ಗುರುತು ಕೋಡಿನಲ್ಲೂ ಇರಲಿ, ಓದುಗರ ಕಣ್ಣಿಗೂ ಕಾಣಲಿ. ಜಮೀನು ದಲ್ಲಾಳಿಗಳ ಜಾಹೀರಾತನ್ನು ಮಾತ್ರ ಭಾಗದ ಲೆಕ್ಕದ ಪುಟಕ್ಕೆ ಹಾಕಬೇಡಿ. ಅಲ್ಲಿಗೆ ಬರುವವರು ಮನೆಯೊಳಗಿನ ಹಂಚಿಕೆಯ ಚಿಂತೆಯಲ್ಲಿರುತ್ತಾರೆ.

ಈ ಆದಾಯ ಸಂಬಳದ ಜೊತೆ ಸೇರಿದರೆ ಆದಾಯ ತೆರಿಗೆ ರಿಟರ್ನ್‌ಗೆ ಐಟಿಆರ್-1 ನಮೂನೆ ನಡೆಯುವುದಿಲ್ಲ, 3 ಅಥವಾ 4 ಬೇಕು. ವ್ಯವಹಾರದ ಆದಾಯ ತೋರಿಸಿದವರಿಗೆ ಹಳೆಯ-ಹೊಸ ತೆರಿಗೆ ಪದ್ಧತಿಗಳ ನಡುವೆ ಪ್ರತಿ ವರ್ಷ ಅತ್ತಿತ್ತ ಹೋಗುವ ಸ್ವಾತಂತ್ರ್ಯವೂ ಇರುವುದಿಲ್ಲ. ಹಳೆಯ ಪದ್ಧತಿಯ ಗೃಹಸಾಲದ ರಿಯಾಯಿತಿ ನಂಬಿಕೊಂಡಿರುವವರು ಮೊದಲ ರಿಟರ್ನ್‌ಗೆ ಮುಂಚೆಯೇ ಲೆಕ್ಕಪರಿಶೋಧಕರನ್ನು ಕಾಣಬೇಕು. ಟಿಡಿಎಸ್ ಕಳೆದು ಉಳಿದ ತೆರಿಗೆ 10,000 ರೂಪಾಯಿ ಮುಟ್ಟಿದರೆ ಮುಂಗಡ ತೆರಿಗೆ ಕಟ್ಟಬೇಕು. ಜಿಎಸ್‌ಟಿ ನೋಂದಣಿಯ ಮಾತು ಬರುವುದು ವಾರ್ಷಿಕ ವಹಿವಾಟು 20 ಲಕ್ಷ ದಾಟಿದಾಗ.

ತಿಂಗಳ ಮೊದಲ ಭಾನುವಾರ

ಗೂಗಲ್‌ನ ಸರ್ಚ್ ಕನ್ಸೋಲ್ (ಯಾವ ಪದ ಹುಡುಕಿದಾಗ ನಿಮ್ಮ ಪುಟ ಕಾಣಿಸಿತೆಂದು ತೋರಿಸುವ ಉಪಕರಣ) ತೆರೆದು ಕಳೆದ 28 ದಿನದ ಹುಡುಕು ಪದಗಳನ್ನು ನೋಡಿ. ಹೆಚ್ಚು ಸಲ ಕಾಣಿಸಿಕೊಂಡು ಕ್ಲಿಕ್ ಬೀಳದ ಪದಗಳಲ್ಲೇ ಮುಂದಿನ ಪುಟ ಇರುತ್ತದೆ. ‘30×40 ಸೈಟು ಎಷ್ಟು ಗುಂಟೆ’ ಎಂಬುದು ಅಲ್ಲಿ ಮತ್ತೆ ಮತ್ತೆ ಕಂಡರೆ (1,200 ಚದರ ಅಡಿ, ಸುಮಾರು 1.1 ಗುಂಟೆ) ಸೈಟಿನ ಅಳತೆಗಳಿಗೆಂದೇ ಒಂದು ಪುಟ ಮಾಡಿ. ಆಮೇಲೆ ನಿಮ್ಮದೇ ಲೆಕ್ಕಕ್ಕೆ 2 ಎಕರೆ 13 ಗುಂಟೆ, ಮೂರು ಭಾಗ, 3 ಗುಂಟೆ ಖರಾಬು ಎಂದು ಹಾಕಿ 30 ಬರುತ್ತದೆಯೇ ನೋಡಿ. ಅದನ್ನೇ ಇನ್ನೊಮ್ಮೆ ಕನ್ನಡ ಅಂಕಿಯಲ್ಲಿ ಹಾಕಿ. ಯಾರಾದರೂ ಉತ್ತರ ತಪ್ಪು ಎಂದು ಬರೆದಿದ್ದರೆ ಪಹಣಿಯಲ್ಲಿ ವಿಸ್ತೀರ್ಣ ಹೇಗೆ ಬರೆದಿದೆ, ಯಾವ ಖಾನೆಗೆ ಏನು ಹಾಕಿದರು ಎಂದು ಕೇಳಿ. ಒಂದೇ ಖಾನೆಯಲ್ಲಿ ಮೂರು ಮಂದಿ ಎಡವಿದ್ದರೆ ಆ ಖಾನೆಯ ಹೆಸರನ್ನು ಅದೇ ದಿನ ಬದಲಿಸಿ.