ಖಾಲಿ ಬಾಟಲಿಯ ಚೂರಿನಿಂದ ಮನೆಗೊಂದು ಹೆಸರಿನ ಫಲಕ

ವಾರದ ಕೊನೆಯ ಜನ ಇಳಿದು ಹೋದ ಮೇಲೆ ಚಿಕ್ಕಮಗಳೂರು ಸುತ್ತಿನ ಹೋಂಸ್ಟೇಗಳ ಹಿತ್ತಿಲಲ್ಲಿ ಉಳಿಯುವುದು ಖಾಲಿ ಬಾಟಲಿ. ಅದರಲ್ಲಿ ನಾಲ್ಕೈದು ಎತ್ತಿಟ್ಟರೆ ಒಂದೂವರೆ ಅಡಿ ಉದ್ದ, ಒಂದಡಿ ಅಗಲದ ಮೊಸಾಯಿಕ್ ಫಲಕ, ಅಂದರೆ ಬಣ್ಣದ ಚೂರುಗಳನ್ನು ಅಂಟಿಸಿದ ಫಲಕ, ಮಾಡಬಹುದು. ಮಳೆಗೆ ಗಾಜು ಹೆದರುವುದಿಲ್ಲ, ಕೆಡುವುದು ಅದರ ಹಿಂದಿನ ಹಲಗೆ ಮತ್ತು ಅಂಟು. ಮಲೆನಾಡಿನಲ್ಲಿ ಪ್ಲೈವುಡ್ ಬೇಡವೇ ಬೇಡ. ಒಂದೇ ಮಳೆಗಾಲಕ್ಕೆ ಉಬ್ಬಿ ಚೂರುಗಳನ್ನು ಉದುರಿಸುತ್ತದೆ. 20 ಮಿ.ಮೀ. ದಪ್ಪದ ಕಡಪ ಕಲ್ಲು ಸಾಕು. ಫಲಕ ಬಿಗಿಸುವ ಬೋಲ್ಟ್‌ನ ತೂತುಗಳನ್ನು ಕಲ್ಲಿನ ಅಂಗಡಿಯಲ್ಲೇ ಹಾಕಿಸಿಕೊಳ್ಳಿ, ಗಾಜು ಅಂಟಿಸಿದ ಮೇಲೆ ಡ್ರಿಲ್ ಹಿಡಿಯುವಂತಿಲ್ಲ. ಅಂಟಿಸುವುದು ಒರಟು ಮುಖಕ್ಕೆ, ಪಾಲಿಶ್ ಮುಖಕ್ಕಲ್ಲ.

ಬೇಕಾದದ್ದು: ಬಿಳಿ ಟೈಲ್ ಅಂಟಿನ ಪುಡಿ 1 ಕೆ.ಜಿ., ಗಾಢ ಬಣ್ಣದ ಗ್ರೌಟ್ (ಸಂದು ತುಂಬುವ ಪುಡಿ) ಅರ್ಧ ಕೆ.ಜಿ., ಗಾಜಿನ ಚೂರು ಒಂದೂಕಾಲು ಕೆ.ಜಿ., ಒಂದು ಡಜನ್ ಗಾಜಿನ ಬಳೆ, ಟೈಲ್ ಕತ್ತರಿಸುವ ಇಕ್ಕಳ, ಸಾಣೆಕಲ್ಲು, ಕಣ್ಣಿಗೆ ಕನ್ನಡಕ, ಕೈಗೆ ಚರ್ಮದ ಗವಸು.

ಬಾಟಲಿಗಳನ್ನು ರಾತ್ರಿಯಿಡೀ ವಾಷಿಂಗ್ ಸೋಡಾ ನೀರಿನಲ್ಲಿ ನೆನೆಹಾಕಿದರೆ ಲೇಬಲ್ ಬಿಡುತ್ತದೆ. ಒಣಗಿದ ಮೇಲೆ ಒಂದೊಂದನ್ನೇ ದಪ್ಪ ಗೋಣಿಚೀಲದಲ್ಲಿ ಸುತ್ತಿ ಸುತ್ತಿಗೆಯಿಂದ ಒಡೆಯಿರಿ. ತಳ ಮತ್ತು ಕುತ್ತಿಗೆಯನ್ನು ಬಿಟ್ಟುಬಿಡಿ, ಅವು ದಪ್ಪ, ಸಾಲಾಗಿ ಕೂರುವುದಿಲ್ಲ. ಬಾಟಲಿಯ ಗಾಜು ಬಾಗಿರುತ್ತದಲ್ಲ, ಚೂರು 2 ಸೆಂ.ಮೀ.ಗಿಂತ ದೊಡ್ಡದಾದರೆ ಅಂಚು ಮೇಲೆದ್ದು ಕೈ ಕೊಯ್ಯುತ್ತದೆ. ದೊಡ್ಡದನ್ನು ಇಕ್ಕಳದಿಂದ ಚಿಕ್ಕದು ಮಾಡಿ, ಅಂಚನ್ನು ಸಾಣೆಕಲ್ಲಿನ ಮೇಲೆ ನೀರು ಹಾಕುತ್ತಲೇ ಉಜ್ಜಿ. ಒಣಗಾಗಿ ಉಜ್ಜಿದರೆ ಗಾಜಿನ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ.

ಕನ್ನಡದ ದುಂಡನೆಯ ಅಕ್ಷರಗಳಿಗೆ ಬಳೆ ಚೂರಿನಷ್ಟು ಒಪ್ಪುವುದು ಬೇರೆ ಇಲ್ಲ. ಬಾಗು ತಾನಾಗಿ ಸಿಗುತ್ತದೆ. ಬಳೆಯನ್ನು ಮೊದಲು ಮುರಿದು ನೋಡಿ. ಒಳಗೂ ಬಣ್ಣವಿದ್ದರೆ ಸರಿ, ಮೇಲೆ ಮಾತ್ರ ಲೇಪವಿದ್ದರೆ ಬಿಸಿಲು ಮಳೆಗೆ ಹೋಗಿಬಿಡುತ್ತದೆ. ಅಕ್ಷರಕ್ಕೆ ಕೆಂಪು ಬಳೆ, ಹಿನ್ನೆಲೆಗೆ ಬಣ್ಣವಿಲ್ಲದ ಗಾಜು, ಅಂಚಿಗೆ ಹಸಿರು ಮತ್ತು ಕಂದು ಬಾಟಲಿ: ಹೀಗಿದ್ದರೆ ದೂರದಿಂದ ಓದಬಹುದು. ಕಂದು ಹಿನ್ನೆಲೆಯಲ್ಲಿ ಕೆಂಪು ಅಕ್ಷರ ಮುಳುಗಿಹೋಗುತ್ತದೆ. ಪೂರ್ತಿ ಅಳತೆಯ ಕಾಗದದ ಮೇಲೆ ಹೆಸರು ಬರೆದು, ಎಲ್ಲ ಚೂರುಗಳನ್ನೂ ಒಮ್ಮೆ ಅದರ ಮೇಲೆ ಹರಡಿ ನೋಡಿಕೊಳ್ಳಿ.

ಇನ್ನು ಅಂಟು. ಗಾಜು ಪಾರದರ್ಶಕ, ಹಿಂದೆ ಏನಿದೆಯೋ ಅದೇ ಬಣ್ಣವಾಗಿ ಕಾಣುತ್ತದೆ. ಬೂದು ಅಂಟು ಹಾಕಿದರೆ ಹಸಿರು ಬಾಟಲಿ ಮಂಕಾಗಿ ಕಪ್ಪಿಗೆ ತಿರುಗುತ್ತದೆ, ಬಿಳಿಯದಾದರೆ ಹೊಳೆಯುತ್ತದೆ. ಬರೀ ಬಿಳಿ ಸಿಮೆಂಟ್ ಸಾಲದು. ಗಾಜು ನೀರು ಹೀರದ ಕಾರಣ ಅದಕ್ಕೆ ಹಿಡಿತ ಸಿಗದೆ ಚೂರು ಕಳಚಿಕೊಳ್ಳುತ್ತದೆ. ಟೈಲ್ ಅಂಟಿನ ಚೀಲದ ಮೇಲೆ ಪಾಲಿಮರ್ ಬೆರೆಸಿದ್ದು ಎಂದು ಬರೆದಿರಬೇಕು. ಕಲ್ಲನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅಂಗೈ ಅಗಲದಷ್ಟು ಜಾಗಕ್ಕೆ 3 ಮಿ.ಮೀ. ದಪ್ಪ ಬಳಿದು ನಯ ಮಾಡಿ. ಹಲ್ಲಿನ ಕರಣೆ ಬಳಸಿದರೆ ಗೆರೆಗಳು ಗಾಜಿನೊಳಗಿಂದ ಕಾಣುತ್ತವೆ. ಮೊದಲು ಅಕ್ಷರ, ಆಮೇಲೆ ಹಿನ್ನೆಲೆ. ಚೂರುಗಳ ಉಬ್ಬು ಮುಖ ಮೇಲಿರಲಿ, ನಡುವೆ 2–3 ಮಿ.ಮೀ. ಸಂದು ಇರಲಿ. ಬೆರಳಿಗೆ ಅಂಟದಷ್ಟು ಪೊರೆ ಕಟ್ಟಿದ್ದರೆ ಆ ಅಂಟನ್ನು ಕೆರೆದು ಎಸೆಯಿರಿ, ನೀರು ಹಾಕಿ ಮತ್ತೆ ಕಲಸಬೇಡಿ.

ಬೇಸಿಗೆಯಲ್ಲಿ 24 ಗಂಟೆ, ಜುಲೈ–ಆಗಸ್ಟ್ ತೇವದಲ್ಲಿ 48 ಗಂಟೆ ಬಿಟ್ಟು ಗ್ರೌಟ್ ತುಂಬಿ. ಇಡ್ಲಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ಕಲಸಿ. ನೀರಾದರೆ ಒಣಗುವಾಗ ಬಿರಿಯುತ್ತದೆ. ಬಿಳಿ ಗ್ರೌಟ್ ಇಲ್ಲಿಯ ಪಾಚಿಗೆ ಬೇಗ ಕಪ್ಪಾಗುವುದರಿಂದ ಗಾಢ ಬೂದು ಅಥವಾ ಕಾಫಿ ಕಂದು ಒಳ್ಳೆಯದು. ರಬ್ಬರ್ ತುಂಡಿನಿಂದ ಓರೆಯಾಗಿ ಒತ್ತಿ ತುಂಬಿ, ಸುಮಾರು 20 ನಿಮಿಷದ ನಂತರ ಹಿಂಡಿದ ಸ್ಪಂಜಿನಿಂದ ಒರೆಸಿ. ಆಗಲೂ ಗವಸು ತೆಗೆಯಬೇಡಿ. ಎರಡು ದಿನ ನೆರಳಿನಲ್ಲಿಡಿ.

ಫಲಕ 10 ಕೆ.ಜಿ. ಹತ್ತಿರ ತೂಗುತ್ತದೆ. ಕಾಂಕ್ರೀಟ್ ಕಂಬಕ್ಕೆ ಎರಡು ಆ್ಯಂಕರ್ ಬೋಲ್ಟ್ (ತೂತಿನೊಳಗೆ ಹಿಗ್ಗಿ ಬಿಗಿಯುವಂಥವು) ಹಿಡಿಯುತ್ತವೆ. ಹಳೆಯ ಹೆಂಚಿನ ಮನೆಯ ಮಣ್ಣಿನ ಗೋಡೆಯಲ್ಲಿ ಬೋಲ್ಟ್ ನಿಲ್ಲುವುದಿಲ್ಲ. ಅಲ್ಲಿ ನೆಲದಲ್ಲಿ ಹುಗಿದ ಕಬ್ಬಿಣದ ಚೌಕಟ್ಟಿಗೆ ಕಟ್ಟಿಸಿ.